ಹಿಡಿಕೆಯ ಭಾರ

"ಮೂರು ಸುತ್ತು ತಿರುಗಿಸಿದ್ರೆ ಇಡೀ ಊರಿನ ಬೀದಿದೀಪ ಹತ್ತಿಕೊಳ್ಳುತ್ತೆ, ಮೇಡಂ. ನಾಲ್ಕನೇ ಸುತ್ತಿನ ಕರೆಂಟನ್ನ ಪಕ್ಕದ ಊರಿಗೆ ದಾನ ಮಾಡಬಹುದು! ನಾಳೆ ಇದಕ್ಕೇ ರೆಕ್ಕೆ ಕಟ್ಟಿದ್ರೆ ಕೈಯೂ ಬೇಡ, ಗಾಳಿ ಸಾಕು."

ವಿಜ್ಞಾನದ ಮೇಷ್ಟ್ರು ತರಗತಿಯ ಮೇಜಿನ ಮೇಲಿಟ್ಟದ್ದು ಒಂದು ಪ್ಲಾಸ್ಟಿಕ್ ಡಬ್ಬಿ. ಕೆಟ್ಟ ಆಟಿಕೆ ಕಾರಿನ ಮೋಟರು, ಪೆನ್ಸಿಲ್ ಹೆರೆಯುವ ಯಂತ್ರದ ಹಿಡಿಕೆ, ಟಾರ್ಚಿನ ಬಲ್ಬು, ಒಂದು ಗುಂಡಿ. ಅವರು ವರ್ಣಿಸಿದ ವರಸೆಗೆ ಜಗತ್ತಿನ ಅಣೆಕಟ್ಟುಗಳೆಲ್ಲ ನಾಚಿ ನೀರಾಗಬೇಕಿತ್ತು.

ಮುಖ್ಯೋಪಾಧ್ಯಾಯಿನಿ ಮಾತ್ರ ಜಗ್ಗಲಿಲ್ಲ. ಮೂಲೆಯ ಕೋಣೆಯನ್ನು ಮಕ್ಕಳ ಪ್ರಯೋಗಕ್ಕೆ ಬಿಡುವುದೋ, ಅದರಲ್ಲಿ ಮುರಿದ ಬೆಂಚು ತುಂಬುವುದೋ ಎಂದು ಇವತ್ತೇ ತೀರ್ಮಾನಿಸಲು ಬಂದಿದ್ದರು. "ಭಾಷಣ ಸಾಕು. ಬೆಳಕು ತೋರಿಸಿ."

ಮೇಷ್ಟ್ರು ಅದೇ ತರಗತಿಯಲ್ಲಿದ್ದ ತಮ್ಮ ಮಗಳನ್ನು ಕರೆದರು. ಅವಳು ಹಿಡಿಕೆ ತಿರುಗಿಸಿದಳು. ಮೇಷ್ಟ್ರು ಗುಂಡಿ ಒತ್ತಿದರು. ಬಲ್ಬು ಝಗ್ಗನೆ ಹತ್ತಿತು. ಮಕ್ಕಳ ಚಪ್ಪಾಳೆಗೆ ಛಾವಣಿ ಹಾರಿಹೋಗದೆ ಉಳಿದದ್ದೇ ಪುಣ್ಯ.

"ಕೋಣೆ ನಿಮ್ಮದು," ಎಂದು ಮೇಡಂ ಬೀಗದ ಕೈ ತೆಗೆದರು.

ಮಗಳು ಇನ್ನೂ ತಿರುಗಿಸುತ್ತಲೇ ಇದ್ದಳು. "ಸರ್, ಬಲ್ಬ್ ಹತ್ತಿದಾಗ ಹಿಡಿಕೆ ಭಾರ ಆಗುತ್ತೆ, ಬೆಳಕಿಗೆ ಬೇಕಾದ ಬಲ ನಮ್ಮ ಕೈಯಿಂದಲೇ ಹೋಗ್ಬೇಕು ಅಂತ ನೀವೇ ಹೇಳಿಕೊಟ್ಟಿದ್ರಲ್ವಾ?"

"ಹೂಂ. ಅದಕ್ಕೇನೀಗ?"

"ಇದು ಭಾರಾನೇ ಆಗ್ಲಿಲ್ಲ."

"ನೀನು ಗಟ್ಟಿಗಿತ್ತಿ ಕಣಮ್ಮ. ಆನೆ ಕಟ್ಟಿದ್ರೂ ನಿನಗೆ ಗೊತ್ತಾಗಲ್ಲ!"

ಶಾಲೆಯಲ್ಲಿ ಸರ್ ಎಂದೇ ಕರೆಯಬೇಕೆಂಬ ಕಟ್ಟಪ್ಪಣೆ ಮರೆತು ಅವಳು ಮೆಲ್ಲಗೆ ಕೇಳಿದಳು: "ಅಪ್ಪಾ, ಬೆಳಗ್ಗೆಯಿಂದ ನಮ್ಮನೆ ಗಡಿಯಾರ ಯಾಕೆ ನಿಂತಿದೆ?"

ಮೇಷ್ಟ್ರ ಮೀಸೆ ಒಂದು ಮೊಳ ಇಳಿಯಿತು. ಡಬ್ಬಿಯ ತಳ ಬಿಚ್ಚಿ, ಗಡಿಯಾರದ ಶೆಲ್ಲನ್ನು ಮೇಜಿನ ಮೇಲಿಟ್ಟರು. ಬಲ್ಬಿನ ತಂತಿಯನ್ನು ಮೋಟರಿಗೆ ಸಿಕ್ಕಿಸಿದರು.

"ಮೋಟರಿಂದ ಬರೋದು ತೀರಾ ಮಂಕು ಬೆಳಕು, ಮೇಡಂ. ಕೋಣೆ ಕೈತಪ್ಪುತ್ತೆ ಅಂತ ಹೆದರಿ ಹೀಗೆ ಮಾಡಿಬಿಟ್ಟೆ. ಕಿಟಕಿ ಮುಚ್ಚಿದ್ರೆ ಮಾತ್ರ ಕಾಣುತ್ತೆ."

ಮಕ್ಕಳು ಓಡಿ ಕಿಟಕಿ ಮುಚ್ಚಿದರು. "ಇದನ್ನ ಹಿಡ್ಕೋಮ್ಮ," ಎಂದು ಮೇಡಂ ಬೀಗದ ಕೈಯನ್ನು ಹುಡುಗಿಗೆ ಕೊಟ್ಟು, ಡಬ್ಬಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ತಾವೇ ತಿರುಗಿಸತೊಡಗಿದರು. ಮೇಷ್ಟ್ರು ಗುಂಡಿ ಒತ್ತಿದರು. ಕತ್ತಲಲ್ಲಿ ಕೂದಲೆಳೆಯಷ್ಟು ಕೆಂಪು ಮೂಡಿತು.

"ಇಷ್ಟೇ, ಮೇಡಂ. ಊರು ಗೀರು ಏನಿಲ್ಲ. ಇಷ್ಟೇ."

ಮೇಡಂ ಕೈ ನಿಲ್ಲಿಸಲಿಲ್ಲ. "ಈಗ ಭಾರ ಆಯ್ತು," ಎಂದರು.

ಕಿಟಕಿ ತೆರೆದ ಮೇಲೂ ಬೀಗದ ಕೈ ಹುಡುಗಿಯ ಮುಷ್ಟಿಯಲ್ಲೇ ಇತ್ತು.