ತನುಜಾಳ ಕಬಡ್ಡಿ ಪರೀಕ್ಷೆ

ರೇವಣ್ಣ, ಈ ವಾಯ್ಸ್ ನೋಟನ್ನು ಮಧ್ಯದಲ್ಲಿ ನಿಲ್ಲಿಸದೆ ಕೇಳು. ಅರ್ಧ ಹೃದಯದ ಮಕ್ಕಳಿಗೆ ಹುಟ್ಟಿದಾಗ ಹಾಕಿದ ಹೊಲಿಗೆಯನ್ನು ದೊಡ್ಡವರಾದ ಮೇಲೆ ಬಿಚ್ಚಿ, ಇನ್ನರ್ಧ ಬೆಳೆಸುತ್ತಾರಲ್ಲ, ನನ್ನ ಮೊಮ್ಮಗಳು ತನುಜಾಳಿಗೂ ಅದಾಯಿತು. ನಿನ್ನೆ ಆಸ್ಪತ್ರೆಯ ಅಂಗಳದಲ್ಲಿ ಬೆಳೆದ ಹೃದಯಕ್ಕೆ ಮಾಮೂಲಿನ ಕಬಡ್ಡಿ ಪರೀಕ್ಷೆ. ಎದುರು ತಂಡ ಮನೆಯವರದೇ. ಹಿಡಿದವರಿಂದ ಕೊಸರಿಕೊಂಡು ಒಂದೇ ಉಸಿರಿನಲ್ಲಿ ಗೆರೆ ಮುಟ್ಟಿದರೆ ಪಾಸು. ಇಲ್ಲದಿದ್ದರೆ ಮತ್ತೆ ಹಳೆಯ ಹೊಲಿಗೆ.

ಹುಡುಗಿ "ಕಬಡ್ಡಿ ಕಬಡ್ಡಿ" ಎನ್ನುತ್ತ ನುಗ್ಗಿದಳು. ನಾವೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು. ಇಷ್ಟು ವರ್ಷ ಓಡಬೇಡ, ಕುಣಿಯಬೇಡ ಎಂದು ಸಾಕಿದವಳನ್ನು ಹಿಡಿಯಲು ಯಾರಿಗೆ ಕೈ ಬರುತ್ತದೆ?

"ಇದು ಲೆಕ್ಕಕ್ಕಿಲ್ಲ," ಎಂದರು ಡಾಕ್ಟರ್ ನಫೀಸಾ. "ಏನ್ ಯಜಮಾನ್ರೇ, ಮೆರವಣಿಗೆ ನೋಡೋಕ್ ಬಂದಿದ್ದೀರಾ?"

"ತಾತ, ಗಟ್ಟಿಯಾಗ್ ಹಿಡ್ಕೋ. ಇಲ್ಲಾಂದ್ರೆ ನಿನ್ ಜೊತೆ ಟೂ!" ಎಂದಳು ತನುಜಾ.

ಎರಡನೆಯ ಸಲ ಕಣ್ಣು ಮುಚ್ಚಿ ಅವಳ ಕಾಲಿಗೆ ಬಿದ್ದು ತಬ್ಬಿಕೊಂಡೆ. ಬಿಡಲೇ ಇಲ್ಲ. ರಾಕ್ಷಸಿ, ಈ ಒಣಕಲು ಮುದುಕನನ್ನು ಮಣ್ಣಿನಲ್ಲಿ ದರದರ ಎಳೆದುಕೊಂಡು, ಕಬಡ್ಡಿ ಹೇಳುತ್ತಲೇ ಗೆರೆ ದಾಟಿದಳು. ಅದೇ ಉಸಿರಿನಲ್ಲಿ "ತಾತ ಔಟ್!" ಎಂದು ಕೂಗಿದಳು.

ಡಾಕ್ಟರು ಅವಳನ್ನು ಮನೆಗೆ ಕಳಿಸಿದರು. ಮೊಣಕಾಲು ಊದಿದ ನಾನು ಆಸ್ಪತ್ರೆಯಲ್ಲಿ ಅವಳ ಮಂಚದ ಮೇಲೆ ಮಲಗಿದ್ದೇನೆ. ಬರುವಾಗ ಕಿತ್ತಳೆ ತಾ.