ಮುಕ್ಕಾಲಿನ ಅರ್ಧ

ಮಕ್ಕಳು ಗಣಿತ ಕಲಿಯುವ ಆನ್‌ಲೈನ್ ಆಟದೊಳಗೆ ಮೈಮರೆತರೆ, ಊಟಕ್ಕೆ ಕರೆಯಲು ತಾಯಂದಿರೇ ಆಟದ ಕನ್ನಡಕ ತೊಟ್ಟು ಒಳಗಿಳಿಯಬೇಕಿತ್ತು. ಕಸ್ತೂರಿಗೆ ಮಗಳು ಸ್ಫೂರ್ತಿ ಬೇಗನೆ ಸಿಕ್ಕಳು. ಆದರೆ ಹೊರಗೆ ಹೋಗುವ ಬಾಗಿಲು ಕಸ್ತೂರಿಯನ್ನೇ ಕೇಳಿತು: “ಮುಕ್ಕಾಲಿನ ಅರ್ಧ ಎಷ್ಟು?”

ಸರಿಯುತ್ತರ ಹೇಳದವರು ಒಳಗೇ ಉಳಿಯುತ್ತಿದ್ದರು. ಕಸ್ತೂರಿ ಮಗಳ ಕಡೆ ತಿರುಗಿದಳು.

“ಶಾಲೇಲೂ ನಂಗೆ ಲೆಕ್ಕ ಬರ್ತಿರ್ಲಿಲ್ಲ ಕಣೇ.”

“ಹೆದರ್ಬೇಡಮ್ಮ. ಒಂದು ರೊಟ್ಟೀನ ಎಂಟು ತುಂಡು ಮಾಡು. ಎರಡು ಅಪ್ಪಂಗೆ ಎತ್ತಿಡು. ಉಳಿದಿದ್ದು ನಮ್ಮಿಬ್ರಿಗೂ ಸಮ. ನಿಂಗೆಷ್ಟು ಬಂತು?”

“ಮೂರು… ಎಂಟರಲ್ಲಿ ಮೂರು!”

ಬಾಗಿಲು ತೆರೆಯಿತು. ಕಸ್ತೂರಿ ಮಗಳ ಕೈ ಹಿಡಿದು ಓಡಬೇಕೆನ್ನುವಾಗ, ಗೋಡೆಯ ಬದಿಯಲ್ಲಿ ಪಕ್ಕದ ಮನೆಯ ಇಂದಿರಾ ಅಳುತ್ತ ಕೂತಿದ್ದು ಕಂಡಿತು.

“ಆಂಟೀಗೂ ಹೇಳ್ಕೊಡ್ತೀನಿ” ಎಂದು ಸ್ಫೂರ್ತಿ ಕೈ ಬಿಡಿಸಿಕೊಂಡಳು.

ತೆರೆದ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು. ಕಸ್ತೂರಿ ಅದನ್ನೊಮ್ಮೆ ನೋಡಿ ಮಗಳ ಹಿಂದೆ ನಡೆದಳು.