ನಾನೂರ ಹನ್ನೆರಡರಲ್ಲಿ ಒಂದು

ಬೂತ್ ಏಜೆಂಟ್ ಕೈಯಲ್ಲಿದ್ದ ಕಾಗದವನ್ನು ಮೂರನೆಯ ಸಲ ಓದಿದ. ಊರಿನ ಮತಗಟ್ಟೆಯಲ್ಲಿ ಬಿದ್ದ ಮತ ನಾನೂರ ಹನ್ನೆರಡು. ಸಾಹೇಬರಿಗೆ ನಾನೂರ ಹನ್ನೊಂದು. ಎದುರಾಳಿಗೆ ಒಂದು.

“ಮತ್ತೆ ಅದೇ ಒಂದು,” ಎಂದು ಹಲ್ಲು ಕಡಿದ. “ನಾಲ್ಕು ಚುನಾವಣೆ ಆಯ್ತು ಸಾಹೇಬ್ರೇ. ಸ್ವಂತ ಊರಲ್ಲೇ ಯಾರೋ ನಮಗೆ ಕೈ ಕೊಡ್ತಿದ್ದಾರೆ. ಪತ್ತೆ ಹಚ್ಚದೆ ಬಿಡಲ್ಲ ನಾನು.”

ಗೆಲುವಿನ ಹಾರ ಹಿಡಿದು ನಡುಮನೆಯಲ್ಲಿ ತುಂಬಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಕಣ್ಣು ಬಾಗಿಲ ಬಳಿ ನಿಂತಿದ್ದ ಊರಿನ ಟೈಲರ್ ಮೇಲೆ ಹೋಯಿತು. ಟೈಲರ್ ಸಾಹೇಬರ ತಂಗಿಯನ್ನು ನೋಡಿದ. ತಂಗಿ ಸೂರು ನೋಡಿದಳು. ಸಾಹೇಬರ ಹೆಂಡತಿ ಟೀಚರಮ್ಮ ಮಾತ್ರ ಯಾರನ್ನೂ ನೋಡದೆ ಗಂಡನ ಲೋಟಕ್ಕೆ ಚಹಾ ಬಗ್ಗಿಸಿದರು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ನಾಲ್ಕು ಸಲದ ಅಭ್ಯಾಸ.

ಆ ಮತ ಅವರದೇ ಆಗಿತ್ತು.

ಸಾಹೇಬರು ಆ ಹಳ್ಳಿಗಾಡಿನ ಸಂಸತ್ ಸದಸ್ಯರು. ಇದ್ದದ್ದು ಇದ್ದ ಹಾಗೇ ಇರಲಿ ಎನ್ನುವ ಪಕ್ಷ ಅವರದು. ಸಂಸತ್ತಿನಲ್ಲಿ ಯಾವ ಹೊಸ ಮಸೂದೆ ಬಂದರೂ ಎದ್ದು ನಿಂತು “ಕೂಡದು” ಎಂದು ಕೂತುಬಿಡುತ್ತಿದ್ದರು. ರಾಜಧಾನಿಯ ಪತ್ರಿಕೆಗಳು ಗೇಲಿ ಮಾಡಲೆಂದು ‘ಕೂಡದು ಸಾಹೇಬರು’ ಎಂದು ಬರೆದರೆ, ಊರವರು ಅದನ್ನೇ ಬಿರುದೆಂದು ತಿಳಿದು ಗೋಡೆಗೆಲ್ಲ ಬರೆಸಿದರು. ಹಳೆಯ ರೈಲು ನಿಲ್ದಾಣ ಕೆಡವುವುದೇ? ಕೂಡದು. ಶಾಲೆ ಪುಸ್ತಕ ಬದಲಿಸುವುದೇ? ಕೂಡದು. ಮದುವೆಯಾದ ಹೆಂಗಸರಿಗೆ ಸರ್ಕಾರಿ ಶಾಲೆಯಲ್ಲಿ ಕೆಲಸವೇ? ಅದಂತೂ ಕೂಡದೇ ಕೂಡದು.

ಎಡವಟ್ಟಾದದ್ದು ಅಲ್ಲೇ. ಟೀಚರಮ್ಮ ಮದುವೆಗೆ ಮುಂಚೆ ಅದೇ ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಮದುವೆಯಾಗಿ ಕೆಲಸ ಹೋದರೂ ‘ಟೀಚರಮ್ಮ’ ಎಂಬ ಹೆಸರು ಉಳಿದಿತ್ತು. ಮೊದಲ ಚುನಾವಣೆಯ ವೇದಿಕೆಯಲ್ಲಿ ಸಾಹೇಬರು ಅವರತ್ತ ಕೈ ತೋರಿಸಿ, “ನಮ್ಮ ಮನೆಯವಳನ್ನೇ ನೋಡಿ. ಶಾಲೆ ಬಿಟ್ಟು ಬಂದಳು. ಒಂದು ದಿನವಾದ್ರೂ ಬೇಜಾರು ಮಾಡ್ಕೊಂಡಿದ್ದಾಳಾ?” ಎಂದಿದ್ದರು. ಜನ ಚಪ್ಪಾಳೆ ತಟ್ಟಿದರು. ಟೀಚರಮ್ಮನೂ ತಟ್ಟಿದರು. ಎರಡು ದಿನ ಬಿಟ್ಟು ಮತಗಟ್ಟೆಗೆ ಹೋಗಿ, ಪರದೆಯ ಹಿಂದೆ ನಿಂತು, ತಮ್ಮ ಬೇಜಾರನ್ನು ಎದುರಾಳಿಯ ಗುರುತಿನ ಮೇಲೆ ಗಟ್ಟಿಯಾಗಿ ಒತ್ತಿ ಬಂದರು.

ಗಂಡನ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಮತದಾನದ ದಿನ ಅವರ ಅಂಗಿಗೆ ತಾವೇ ಇಸ್ತ್ರಿ ಹಾಕಿ, ಕಾಲರ್ ಸರಿಮಾಡಿ, ಮನಸಾರೆ “ಗೆದ್ದು ಬನ್ನಿ” ಎನ್ನುತ್ತಿದ್ದರು. ಆಮೇಲೆ ಹೋಗಿ ತಮ್ಮ ಕೆಲಸ ಮುಗಿಸುತ್ತಿದ್ದರು. ಇಪ್ಪತ್ತು ಸಾವಿರ ಮತದಿಂದ ಗೆಲ್ಲುವ ಮನುಷ್ಯನಿಗೆ ಒಂದು ಮತ ಯಾವ ಲೆಕ್ಕ?

ಐದನೆಯ ಚುನಾವಣೆಯ ಹೊತ್ತಿಗೆ ಗಾಳಿ ತಿರುಗಿತ್ತು. ಗೆಲುವು ಯಾರದೆಂದು ಯಾರೂ ಧೈರ್ಯವಾಗಿ ಹೇಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ, ಮತದಾನಕ್ಕೆ ಮೂರು ದಿನವಿರುವಾಗ, ಟೀಚರಮ್ಮ ಅಟ್ಟದ ಏಣಿಯಿಂದ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಪಟ್ಟಣದ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದರು.

ಬೂತ್ ಏಜೆಂಟ್ ಹಣ್ಣು ತಂದ. “ಚಿಂತೆ ಬಿಡಿ ಅಕ್ಕಾ. ನೀವೊಬ್ರು ಬಿಟ್ಟು ಊರಿಗೆ ಊರೇ ಬಂದು ಮತ ಹಾಕುತ್ತೆ. ಈ ಸಲವೂ ಪಟ್ಟೀಲಿ ನಾನೂರ ಹನ್ನೆರಡೇ ಹೆಸರು.”

ಅವನು ಹೋದ ಮೇಲೆ ಟೀಚರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಾನೊಬ್ಬಳು ಹೋಗದೆ ಇದ್ದು, ಉಳಿದ ನಾನೂರ ಹನ್ನೊಂದೂ ಗಂಡನಿಗೇ ಬಿದ್ದರೆ, ಇಷ್ಟು ವರ್ಷದ ಆ ಒಂದು ಯಾರದೆಂದು ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಕೂಡಲೇ ಡಾಕ್ಟರನ್ನು ಕರೆಸಿ, ಸ್ಟ್ರೆಚರಿನಲ್ಲಾದರೂ ಮತಗಟ್ಟೆಗೆ ಕಳಿಸಿ ಎಂದು ಗೋಗರೆದರು.

“ಯಜಮಾನರ ಮೇಲೆ ಎಂಥ ಅಭಿಮಾನ ತಾಯಿ ನಿಮಗೆ,” ಎಂದು ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಳಿಸಲು ಮಾತ್ರ ಒಪ್ಪಲಿಲ್ಲ.

ಮತದಾನದ ಹಿಂದಿನ ದಿನ ಸಾಹೇಬರು ಬಂದರು. ಟೀಚರಮ್ಮ ಎಲ್ಲ ಹೇಳಿಬಿಡಬೇಕೆಂದು “ರೀ” ಎಂದು ಶುರುಮಾಡಿ, ಕೊನೆಗೆ “ಊಟ ಆಯ್ತಾ?” ಎಂದು ಕೇಳಿದರು. ಸಾಹೇಬರು ಹೊದಿಕೆ ಸರಿಮಾಡಿ, “ನೀನು ನಿಶ್ಚಿಂತೆಯಿಂದ ಮಲಗು. ಊರಿನ ಮತಗಟ್ಟೆ ನಾನು ನೋಡ್ಕೋತೀನಿ,” ಎಂದು ಹೊರಟರು.

ಎಣಿಕೆ ಮೂರು ಸಲ ನಡೆಯಿತು. ಮೂರು ಸಲವೂ ಸಾಹೇಬರು ಸೋತಿದ್ದರು, ಒಂದೇ ಒಂದು ಮತದಿಂದ. ಊರಿನ ಮತಗಟ್ಟೆಯಲ್ಲಿ ಅವರಿಗೆ ನಾನೂರ ಹತ್ತು. ಎದುರಾಳಿಗೆ ಒಂದು.

ಬೂತ್ ಏಜೆಂಟ್ ತಲೆ ತಗ್ಗಿಸಿ ಮಂಚದ ಪಕ್ಕ ನಿಂತ. “ತಪ್ಪಾಯ್ತು ಅಕ್ಕಾ. ಒಳಗೊಳಗೇ ನಿಮ್ಮ ಮೇಲೇ ಅನುಮಾನ ಇತ್ತು ನನಗೆ. ನೀವಿಲ್ಲಿ ಮಲಗಿದ್ರೂ ಅದು ಬಿದ್ದಿದೆ ನೋಡಿ. ಆ ಮಹಾರಾಯ ಈ ಕಡೆ ಒತ್ತಿದ್ದಿದ್ರೆ ನಮಗೊಂದು ಹೆಚ್ಚಿ, ಅವರಿಗೊಂದು ಕಮ್ಮಿಯಾಗಿ, ಸಾಹೇಬ್ರು ಗೆದ್ದಿರೋರು.”

ಟೀಚರಮ್ಮ ಬದುಕಿಕೊಂಡರು. ಆದರೆ ನೆಮ್ಮದಿಯಾಗಲಿಲ್ಲ. ಟೈಲರೇ? ನಾದಿನಿಯೇ? ನಾಲ್ಕು ಸಲ ಸುಮ್ಮನಿದ್ದವರು ಈ ಸಲವೇ ಯಾಕೆ ತಿರುಗಿಬಿದ್ದರು?

ಒಂದೂವರೆ ತಿಂಗಳಿಗೆ ಮನೆಗೆ ಬಂದರು. ರಾಜಧಾನಿಯಿಂದ ಸಾಹೇಬರ ಪೆಟ್ಟಿಗೆಗಳೂ ಬಂದಿದ್ದವು. ಬೂತ್ ಏಜೆಂಟ್ ಹದಿನೇಳು ಜನರ ಅನುಮಾನದ ಪಟ್ಟಿ ಹಿಡಿದು ಬಂದ.

“ಹರಿದು ಹಾಕಪ್ಪ,” ಎಂದರು ಸಾಹೇಬರು. “ಒತ್ತಿದವರಿಗೆ ಅವರದೇ ಕಾರಣ ಇರುತ್ತೆ.”

ಅವನು ಗೊಣಗುತ್ತ ಹೋದ. ಟೀಚರಮ್ಮನಿಗೆ ತಡೆಯಲಾಗಲಿಲ್ಲ.

“ರೀ, ಈ ಸಲದ್ದು ಯಾರದೋ ನನಗೆ ಗೊತ್ತಿಲ್ಲ. ಹಿಂದಿನ ನಾಲ್ಕೂ ನನ್ನವು.”

“ಗೊತ್ತು. ಮೊದಲನೇ ಸಲವೇ ಗೊತ್ತಾಯ್ತು.”

ಟೀಚರಮ್ಮ ಬೈಗುಳಕ್ಕೆ ಕಾದರು. ಸಾಹೇಬರು ಅವರ ಕಾಲ ಕೆಳಗಿನ ದಿಂಬನ್ನು ಸ್ವಲ್ಪ ಮೇಲಕ್ಕೆ ಸರಿಸಿದರು.

“ಈ ಸಲ ಅಲ್ಲಿ ಸೊನ್ನೆ ಬಂದಿದ್ರೆ ನೀನೇ ಅಂತ ಊರಿಗೆಲ್ಲ ಗೊತ್ತಾಗಿಬಿಡ್ತಿತ್ತಲ್ಲ ಕಣೇ, ಅದಕ್ಕೇ ನನ್ನ ಮತ ನಾನೇ ಆ ಕಡೆ ಒತ್ತಿ ಬಂದೆ.”